ಖಾನಾಪುರದ ಗೇಟಿನಲ್ಲಿ ಕಳೆದುಹೋದ ಅರ್ಧ ಮಾತು

ಬೆಳಗಾವಿ
ದಿನಾಂಕ ೨ ಡಿಸೆಂಬರ್ ೧೯೮೨

ಸನ್ಮಾನ್ಯ ವ್ಯವಸ್ಥಾಪಕರು,
ಸುಖಸಂಚಾರ ಯಾತ್ರಾ ಕಂಪನಿ, ಇವರಿಗೆ

ಮಾನ್ಯರೇ,

ತಾವು ಕುಟುಂಬ ಸಮೇತ ಕ್ಷೇಮವಾಗಿದ್ದೀರೆಂದೂ, ತಮ್ಮ ಬಸ್ಸಿನ ಹಿಂದಿನ ಬಲಗಡೆಯ ಚಕ್ರಕ್ಕೆ ಈಗಲಾದರೂ ಆರೋಗ್ಯ ಮರಳಿದೆಯೆಂದೂ ನಂಬಿ, ತಮ್ಮ ಅಮೂಲ್ಯ ಸಮಯವನ್ನು ಕೊಂಚ ಹಾಳುಮಾಡಲು ಅಪ್ಪಣೆ ಬೇಡುತ್ತೇನೆ. ಕಳೆದ ತಿಂಗಳ ಇಪ್ಪತ್ತು ಮತ್ತು ಇಪ್ಪತ್ತೊಂದನೆಯ ತಾರೀಖು ತಾವು ದಯಮಾಡಿ ನಡೆಸಿಕೊಟ್ಟ 'ದಂಪತಿ ವಿಹಾರ'ದಲ್ಲಿ ಏಳು ಮತ್ತು ಎಂಟನೆಯ ಆಸನಗಳನ್ನು ಅಲಂಕರಿಸಿದ್ದವರು ನಾನು ಹಾಗೂ ನನ್ನ ಯಜಮಾನರಾದ ಶ್ರೀ ಗುರುಪುತ್ರಪ್ಪ ಮುಗಳಿಹಾಳ. ಏಳನೆಯ ಆಸನಕ್ಕೆ ಸ್ಪ್ರಿಂಗು ಇರಲಿಲ್ಲ, ಎಂಟನೆಯದಕ್ಕೆ ಸ್ಪ್ರಿಂಗಿನ ಹೊರತು ಬೇರೇನೂ ಇರಲಿಲ್ಲ. ಆದರೆ ಅಂಥ ಸಣ್ಣ ಸಂಗತಿಗಳಿಗೆ ದೂರು ಬರೆಯುವಷ್ಟು ಕೃತಘ್ನಳು ನಾನಲ್ಲ.

ತಮ್ಮ ಹಸಿರು ಹಸ್ತಪತ್ರಿಕೆಯಲ್ಲಿ ಒಂಬತ್ತು ಪ್ರೇಕ್ಷಣೀಯ ಸ್ಥಳಗಳ ಹೆಸರುಗಳಿದ್ದವು, ಒಂಬತ್ತನ್ನೂ ತೋರಿಸಿದಿರಿ, ಅದರಲ್ಲಿ ಎರಡು ಮಾತಿಲ್ಲ. ಹದಿನೆಂಟು ವರ್ಷದಿಂದ ಬೆಳಗಾವಿಯಲ್ಲೇ ಸಂಸಾರ ಮಾಡುತ್ತಿರುವ ನಮಗೆ ಬೆಳಗಾವಿಯ ಕೋಟೆಯನ್ನು ಬಸ್ಸಿನಿಂದ ಇಳಿಸದೆ ತೋರಿಸಿದಿರಿ. ಪೀರನವಾಡಿಯಲ್ಲಿ ಚಕ್ರದ ಗಾಳಿ ಹೋಗಿ ಎರಡು ತಾಸು ನಿಂತಾಗ ಅದನ್ನೂ ಒಂದು ಸ್ಥಳವೆಂದು ಹಿಡಿದಿರಿ. ಮಚ್ಛೆಯ ಕಾರ್ಖಾನೆಗಳ ಗೋಡೆಗಳನ್ನು ಕಿಟಕಿಯಿಂದ ನೋಡಿ ನಾವೆಲ್ಲ ಧನ್ಯರಾದೆವು. ತಮ್ಮ ಮಾರ್ಗದರ್ಶಿಯಾದ ಮಾರ್ತಾಂಡನ ಪ್ರತಿಭೆಯನ್ನಂತೂ ಎಷ್ಟು ಹೊಗಳಿದರೂ ಸಾಲದು. ಹಲಸಿಯ ಕದಂಬರ ಕಾಲದ ಗುಡಿಗಳನ್ನು ನೋಡಬೇಕೆಂದು ನಾವೆಲ್ಲ ಕತ್ತು ಚಾಚಿ ಕುಳಿತಿದ್ದಾಗ ಆತ ಕೈಮರದ ಮುಂದೆ ಬಸ್ಸು ನಿಲ್ಲಿಸಿ, "ಹಲಸಿಗೆ ಹೋಗೂ ದಾರಿ ಇದಽ ನೋಡ್ರಿ, ಈ ದಾರಿನೂ ಗುಡಿಯಷ್ಟಽ ಹಳೇದೈತಿ" ಎಂದು ಹೇಳಿ ಮುಂದಕ್ಕೆ ಹೊರಡಿಸಿದ. ಕಣಕುಂಬಿಯಲ್ಲಿ ಮಲಪ್ರಭೆಯ ಉಗಮವನ್ನು ಕೇಳಿದ್ದಕ್ಕೆ, "ಮಂಜ ನೋಡ್ರಿ, ಅದರ ಹಿಂದ ನದಿ ಐತಿ" ಎಂದ. ಸುಳ್ಳು ಹೇಳಿದನೆಂದು ಯಾರಾದರೂ ಹೇಳಲಿ ನೋಡೋಣ!

ಆದರೆ ಮಾನ್ಯರೇ, ನಾನು ಹೊರಟದ್ದು ಈ ಒಂಬತ್ತು ಸ್ಥಳಗಳಿಗಾಗಿ ಅಲ್ಲ. ತಮ್ಮ ಹಸ್ತಪತ್ರಿಕೆಯಲ್ಲಿ ಇಲ್ಲದ ಹತ್ತನೆಯ ಸ್ಥಳವೊಂದು ಖಾನಾಪುರದ ರೈಲ್ವೆ ಗೇಟಿನ ಬದಿಯಲ್ಲಿದೆ. ಅದೊಂದು ಹಂಚಿನ ಮಾಡಿನ ಕನ್ನಡ ಶಾಲೆ. ೧೯೬೫ರ ಜೂನ್ ಹನ್ನೆರಡರಂದು ನಾನು ಅಲ್ಲಿ ಸಹಶಿಕ್ಷಕಿಯಾಗಿ ಹಾಜರಾಗಬೇಕಿತ್ತು. ಟ್ರೇನಿಂಗ್ ಮುಗಿಸಿ, ಮದುವೆಯಾಗಿ, ಅರ್ಜಿ ಹಾಕಿ, ದಿನವೂ ಬಾಗಿಲು ಕಾಯುತ್ತಿದ್ದ ನನಗೆ ಆ ನೇಮಕಾತಿ ಪತ್ರ ಸಿಕ್ಕಿದ್ದು ಜೂನ್ ಇಪ್ಪತ್ತರಂದು. ಪೋಸ್ಟ್‌ಮನ್ನನ ಕೈಯಿಂದ ದಾರಿಯಲ್ಲೇ ಇಸಿದುಕೊಂಡೆನೆಂದು ನಮ್ಮವರೇ ತಂದು ಕೈಗೆ ಕೊಟ್ಟು, "ಟಪಾಲ್‌ನವರು ತಡಾ ಮಾಡ್ಯಾರ ಕಾಂತಾ, ಲಕೋಟಿ ಮಳ್ಯಾಗ ತೊಯ್ದು ಹರದಽ ಹೋಗಿತ್ತು" ಎಂದಿದ್ದರು. ಮರುದಿನವೇ ಓಡಿದೆವು, ಆದರೆ ಅಷ್ಟರಲ್ಲಿ ನನ್ನ ಜಾಗಕ್ಕೆ ಮತ್ತೊಬ್ಬರನ್ನು ತೆಗೆದುಕೊಂಡಾಗಿದೆ ಎಂದು ಬೆಳಗಾವಿಯ ಶಿಕ್ಷಣ ಕಚೇರಿಯಲ್ಲೇ ಹೇಳಿ ಕಳಿಸಿದರು. ಆ ಮೇಲೆ ಮಕ್ಕಳಾದವು, ವಯಸ್ಸು ದಾಟಿತು, ಮತ್ತೊಂದು ಆರ್ಡರು ಬರಲಿಲ್ಲ.

ಅಂದಿನಿಂದ ಹದಿನೇಳು ವರ್ಷ ನಾನು ಅಂಚೆ ಖಾತೆಯವರ ತಲೆ ತಿಂದಿದ್ದೇನೆ. ವರ್ಷಕ್ಕೆರಡು ದೂರು, ಜೂನ್‌ನಲ್ಲೊಂದು, ದೀಪಾವಳಿಗೊಂದು. ನನ್ನ ಈ ಪತ್ರದಲ್ಲಿ ತಮಗೇನಾದರೂ ಸೊಗಸು ಕಂಡರೆ ಅದು ಆ ಅಭ್ಯಾಸದ ಫಲ. ನಮ್ಮ ಓಣಿಗೆ ಬರುತ್ತಿದ್ದ ಪೋಸ್ಟ್‌ಮನ್ ಉಳವಪ್ಪನಿಗೆ ನಾನು ಒಂದು ಹಬ್ಬಕ್ಕೂ ಫರಾಳ ಕೊಟ್ಟವಳಲ್ಲ, ಬೇಸಿಗೆಯಲ್ಲಿ ಒಂದು ತಂಬಿಗೆ ನೀರು ಕೇಳಿದವನೂ ಅಲ್ಲ ಅವನು, ನನ್ನ ಮುಖ ನೋಡಿಯೇ ಮುಂದಿನ ಮನೆಗೆ ಹೋಗುತ್ತಿದ್ದ. ಒಮ್ಮೆ ಮಾತ್ರ ಕಟ್ಟೆಯ ಕೆಳಗೆ ನಿಂತು, "ಅಕ್ಕಾರ, ನನ್ನ ಚೀಲದಾಗ ಮಳಿ ನೀರ ಹೋಗಂಗಿಲ್ರಿ, ಬೇಕಾದ್ರ ನೋಡ್ರಿ" ಎಂದು ತನ್ನ ಚೀಲವನ್ನು ಮಗುಚಿ ತೋರಿಸಿದ್ದ. ನಾನು ನೋಡದೆ ಬಾಗಿಲು ಹಾಕಿಕೊಂಡೆ.

ಇನ್ನೊಂದು ಮಾತು. ಖಾನಾಪುರ ನಮ್ಮ ಮನೆಯಿಂದ ಬಸ್ಸಿನಲ್ಲಿ ಒಂದು ತಾಸಿನ ದಾರಿ, ಆದರೆ ಹದಿನೇಳು ವರ್ಷದಲ್ಲಿ ನಮ್ಮವರು ನನ್ನನ್ನು ಒಮ್ಮೆಯೂ ಅಲ್ಲಿಗೆ ಕರೆದೊಯ್ಯಲಿಲ್ಲ. ಮದುವೆಗೆ ಕರೆ ಬಂದರೆ ಅವರಿಗೆ ಜ್ವರ ಬರುತ್ತಿತ್ತು. ತಮ್ಮ ಹಸ್ತಪತ್ರಿಕೆಯನ್ನು ನಾನು ದೇವರ ಮಾಡದಲ್ಲಿಟ್ಟು, ಎರಡು ದಿನ ಉಪವಾಸದ ಬೆದರಿಕೆ ಹಾಕಿದ ಮೇಲೆಯೇ ಅವರು ಒಪ್ಪಿದ್ದು. ಹೋಗುವಾಗ ಆ ಗೇಟು ತೆರೆದಿತ್ತು, ಬಸ್ಸು ಓಡುತ್ತಿತ್ತು, ಎಡಕ್ಕೆ ಶಾಲೆ ಬರುತ್ತಿದ್ದಂತೆ ನಮ್ಮವರು ಬಲಗಡೆ ಕೈ ತೋರಿಸಿ, "ಅಲ್ಲಿ ನೋಡ ಕಾಂತಾ, ಎಮ್ಮಿ ಎಷ್ಟ ಅದಾವು!" ಎಂದರು. ನಾನು ಎಮ್ಮೆ ನೋಡಿದೆ. ನಾಲ್ಕಿದ್ದವು.

ಇನ್ನು ತಮ್ಮ ವಿಹಾರದ ಕಿರೀಟಪ್ರಾಯವಾದ ಕಾರ್ಯಕ್ರಮಕ್ಕೆ ಬರುತ್ತೇನೆ. ಎರಡನೆಯ ದಿನ ಮಧ್ಯಾಹ್ನ ಖಾನಾಪುರದ ಆಚೆ ಕಾಡಿನ ಅಂಚಿನಲ್ಲಿರುವ ಶ್ರೀಮಂತ ಬಾಳಾಸಾಹೇಬರ ತೋಟದಲ್ಲಿ 'ವೈನಿನ ರುಚಿ ನೋಡುವ ವಿದೇಶಿ ಪದ್ಧತಿಯ ಸಮಾರಂಭ' ಇತ್ತು. ಬಾಳಾಸಾಹೇಬರು ತರುಣರಾಗಿದ್ದಾಗ ಆರು ತಿಂಗಳು ಪರದೇಶದಲ್ಲಿದ್ದು ಬಂದವರಂತೆ. ಅಲ್ಲಿಂದ ತಂದ ದ್ರಾಕ್ಷಿ ಬಳ್ಳಿಗಳು ಇಲ್ಲಿಯ ಮಳೆಗೆ ಕೊಳೆತುಹೋದದ್ದರಿಂದ ನೇರಳೆ, ಗೇರು, ಕವಳಿ ಹಣ್ಣುಗಳಿಂದಲೇ ವೈನು ಮಾಡಿ, ದ್ರಾಕ್ಷಿಯನ್ನು ನೆನೆಸಿಕೊಂಡು ಕುಡಿಯಿರಿ ಎನ್ನುತ್ತಾರೆ. ನಮ್ಮದು ಬಸವಣ್ಣನವರನ್ನು ನಂಬಿದ ಮನೆತನ, ಅಂಥದ್ದರ ವಾಸನೆಯೂ ಗೊತ್ತಿಲ್ಲ ಎಂದು ನಾವು ಹೊರಗೆ ಕುಳಿತೆವು. ನಮ್ಮವರು ಊಟವಾದ ಮೇಲೆ ಜೀರ್ಣಕ್ಕೆಂದು ಎರಡು ಚಮಚ ದ್ರಾಕ್ಷಾಸವ ತೆಗೆದುಕೊಳ್ಳುವುದನ್ನು ಕಂಡಿದ್ದ ಮಾರ್ತಾಂಡ ಬಂದು, "ಇದು ದಾರೂ ಅಲ್ರಿ ಸಾಹೇಬರ, ನಿಮ್ಮ ಬಾಟಲಿ ಒಳಗಿಂದು ಅಣ್ಣ ಆದ್ರ ಇದು ತಮ್ಮ, ಬರ್ರಿ, ಕುಂದರ್ರಿ" ಎಂದು ಅವರ ಕೈಹಿಡಿದು ಒಳಗೆ ಕರೆದೊಯ್ದ, ಹಿಂದೆಯೇ ನಾನೂ ಹೋದೆ. ಇಂಥ ವೈದ್ಯಕೀಯ ಜ್ಞಾನವಿರುವವನನ್ನು ತಾವು ಬಸ್ಸಿನಲ್ಲಿ ಇಟ್ಟುಕೊಂಡಿರುವುದು ಊರಿನ ದವಾಖಾನೆಗಳಿಗೆ ಆದ ನಷ್ಟ.

ಅಲ್ಲಿಯ ಪದ್ಧತಿ ಹೀಗಿತ್ತು. ಗಾಜಿನ ಲೋಟದಲ್ಲಿ ಒಂದಿಷ್ಟು ಹಾಕಿ ಕೊಡುತ್ತಾರೆ, ಗುಟುಕನ್ನು ಬಾಯಲ್ಲಿ ಹೊರಳಾಡಿಸಬೇಕು, ಆಮೇಲೆ ಹಿತ್ತಾಳೆಯ ಪೀಕದಾನಿಯಲ್ಲಿ ಉಗುಳಿ, ಉಳಿದದ್ದನ್ನೂ ಅದರಲ್ಲೇ ಚೆಲ್ಲಬೇಕು. ಮಾನ್ಯರೇ, ಕೊಟ್ಟದ್ದನ್ನು ಕೊಟ್ಟವರ ಎದುರಿಗೇ ಉಗುಳುವುದನ್ನು ನಮಗೆ ಯಾರೂ ಕಲಿಸಿಲ್ಲ. ನಮ್ಮ ಮನೆಯಲ್ಲಿ ಎಲೆಯ ಮೇಲೆ ಒಂದು ಅಗುಳು ಬಿಡುವುದಿಲ್ಲ, ಗಂಗಾಳಕ್ಕೆ ನೀರು ಹಾಕಿ ತೊಳೆದು ಆ ನೀರನ್ನೂ ಕುಡಿದು ಏಳುತ್ತೇವೆ. ಹಾಗಾಗಿ ನಾವಿಬ್ಬರೂ ಲೋಟ ಬರಿದು ಮಾಡಿ, ನೀರು ಕೇಳಿ ಹಾಕಿಸಿಕೊಂಡು, ಗಲಬರಿಸಿ, ಅದನ್ನೂ ಕುಡಿದೆವು. ಅದನ್ನು ಕಂಡ ಬಾಳಾಸಾಹೇಬರ ಕಣ್ಣುಗಳು ತುಂಬಿ ಬಂದವು. "ಇಷ್ಟ ವರ್ಷದಾಗ ನನ್ನ ವೈನಿಗೆ ಮರ್ಯಾದಿ ಕೊಟ್ಟವರು ನೀವಽ ನೋಡ್ರಿ ಖರೇ!" ಎಂದು ನಮ್ಮ ಲೋಟಗಳನ್ನು ಮಾತ್ರ ಕಂಠದವರೆಗೆ ತುಂಬಿಸತೊಡಗಿದರು. ಉಳಿದ ದಂಪತಿಗಳು ಐದು ಗುಟುಕು ಉಗುಳಿ ಎದ್ದರು. ನಾವು ಐದು ಲೋಟ ಮರ್ಯಾದೆ ಉಳಿಸಿ ಎದ್ದೆವು. ನನಗೇನೂ ಆಗಲಿಲ್ಲ. ಮಾರ್ತಾಂಡ ಇಬ್ಬರಾಗಿ ಕಂಡದ್ದೊಂದೇ, ಅದೂ ಒಬ್ಬನನ್ನು ಸಹಿಸುವುದಕ್ಕಿಂತ ಹೆಚ್ಚಿನ ಕಷ್ಟವೇನಲ್ಲ.

ಸಂಜೆ ನಾಲ್ಕೂವರೆಗೆ ಬಸ್ಸು ಖಾನಾಪುರದ ಗೇಟಿಗೆ ಬಂದಾಗ ಗೇಟು ಹಾಕಿತ್ತು. ಡ್ರೈವರ್ ಇಂಜಿನ್ ನಿಲ್ಲಿಸಿದ. ಈಗ ಶಾಲೆ ನಮ್ಮವರ ಕಿಟಕಿಯ ಕಡೆಗೇ ಇತ್ತು, ತೋರಿಸಲು ಎಮ್ಮೆಗಳಿರಲಿಲ್ಲ. ಭಾನುವಾರ, ಬಾಗಿಲು ಹಾಕಿತ್ತು, ಪಡಸಾಲೆಯ ಕರಿಹಲಗೆಯ ಮೇಲೆ ಶನಿವಾರದ ತಾರೀಖು ಹಾಗೇ ಇತ್ತು. ನಮ್ಮವರು ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ ನನ್ನ ಕೈ ಹಿಡಿದುಕೊಂಡು, ನಾಲ್ಕು ಜನರೆದುರು ಹದಿನೆಂಟು ವರ್ಷದಲ್ಲಿ ಮೊದಲ ಬಾರಿಗೆ ಹಿಡಿದುಕೊಂಡು, "ಕಾಂತಾ, ಆ ಆರ್ಡರ್ ತಡಾ ಆಗಿ ಬಂದಿರ್ಲಿಲ್ಲ. ಮೊದಲಽ ಬಂದಿತ್ತು. ನಾನ..." ಎಂದರು.

ಆ ಕ್ಷಣಕ್ಕೆ ಸರಿಯಾಗಿ ತಮ್ಮ ಮಾರ್ತಾಂಡ ಮೈಕು ಹಿಡಿದು, "ಪ್ರಿಯ ಪ್ರವಾಸಿಗರಽ, ಸುಖಸಂಚಾರ ಕಂಪನಿ ವತಿಯಿಂದ ನಿಮಗೆಲ್ಲ ಆಭಾರ" ಎಂದು ಶುರುಮಾಡಿದ. ಡ್ರೈವರಿಗೆ ಆಭಾರ, ಕ್ಲೀನರನಿಗೆ ಆಭಾರ, ಹವಾಮಾನಕ್ಕೆ ಆಭಾರ. ರೈಲು ಹೋಯಿತು, ಗೇಟು ಎದ್ದಿತು, ಆಭಾರ ಮುಗಿಯಲಿಲ್ಲ. ಅದು ಮುಗಿದಾಗ ನಮ್ಮವರು ನನ್ನ ಹೆಗಲ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದರು. ಮರುದಿನ ಕೇಳಿದರೆ, "ನಾ ಏನ ಅಂದ್ನಿ? ನೀನೂ ಕುಡದಿದ್ದಿ, ನಿನಗ ಏನ ಕೇಳಿಸ್ತೋ ಏನೋ" ಎಂದರು. ಅಂದಿನಿಂದ ದ್ರಾಕ್ಷಾಸವವನ್ನೂ ಬಿಟ್ಟಿದ್ದಾರೆ. ನಾನಾಗಿಯೇ ಚಮಚದಲ್ಲಿ ಹಾಕಿಕೊಂಡು ಹೋದರೆ, ಜೀರ್ಣ ಈಗ ಚೆನ್ನಾಗಿದೆ ಎಂದು ಬಾಯಿ ಬಿಗಿಹಿಡಿಯುತ್ತಾರೆ.

ಆದುದರಿಂದ ತಮ್ಮಲ್ಲಿ ವಿನಂತಿ. ಹಣ ವಾಪಸು ಬೇಡ, ಸ್ಪ್ರಿಂಗೂ ಬೇಡ. ಅದೇ ಬಸ್ಸನ್ನು, ಅದೇ ಆಸನಗಳೊಂದಿಗೆ, ಅದೇ ಐದು ಲೋಟಗಳ ನಂತರ ಅದೇ ಗೇಟಿನ ಮುಂದೆ ನಿಲ್ಲಿಸಿ, ಮಾರ್ತಾಂಡನ ಬಾಯಿಗೆ ತಮ್ಮ ಹಸ್ತಪತ್ರಿಕೆಗಳನ್ನೆಲ್ಲ ತುರುಕಿ, ನನ್ನ ಉಳಿದರ್ಧ ಮಾತನ್ನು ನನಗೆ ಕೊಡಿಸಬೇಕು. ಜೊತೆಗೆ, ತಮ್ಮ ಕಂಪನಿಗೆ ಅಸಾಧ್ಯವೆಂಬುದೇ ಇಲ್ಲವೆಂದು ಹಸ್ತಪತ್ರಿಕೆಯಲ್ಲಿ ಅಚ್ಚಾಗಿರುವುದರಿಂದ, ೧೯೬೫ರ ಜೂನ್ ಹನ್ನೆರಡಕ್ಕೆ ಒಂದು ದಿನದ ಪ್ರವಾಸವನ್ನೂ ಏರ್ಪಡಿಸಬೇಕು. ಒಬ್ಬಳೇ ಬರುತ್ತೇನೆ. ನಿಂತುಕೊಂಡೇ ಬರುತ್ತೇನೆ.

ಇಷ್ಟು ಬರೆದು ಮೊನ್ನೆ ಈ ಪತ್ರವನ್ನು ಮುಗಿಸಿದ್ದೆ. ಮುಗಿಸಿದ ಮೇಲೆ ಒಂದು ಮಾತು ಹೊಳೆಯಿತು. ನಮ್ಮವರು ಕಚೇರಿಯ ಆವಕ-ಜಾವಕ ಶಾಖೆಯಲ್ಲಿ, ಬಂದ ಕಾಗದ ಹೋದ ಕಾಗದಗಳನ್ನು ದಾಖಲು ಮಾಡುತ್ತ ತಲೆ ಹಣ್ಣು ಮಾಡಿಕೊಂಡವರು. ಕಾಗದ ಹರಿಯುವುದು ಅವರ ಕೈಲಾಗದು. ಹಾಲಿನವನ ಚೀಟಿಗೂ ತಾರೀಖು ಹಾಕಿ, ವರ್ಷಕ್ಕೊಂದು ಕೆಂಪು ಬಟ್ಟೆಯ ಗಂಟು ಕಟ್ಟಿ ಟ್ರಂಕಿನಲ್ಲಿ ಇಡುತ್ತಾರೆ. ನಿನ್ನೆ ಅವರು ಕಚೇರಿಗೆ ಹೋದ ಮೇಲೆ ೧೯೬೫ರ ಗಂಟು ಬಿಚ್ಚಿದೆ. ಮಳೆಯಲ್ಲಿ ತೊಯ್ದು ಹರಿದುಹೋದ ಆ ಲಕೋಟೆ ಅಲ್ಲಿತ್ತು. ಹಪ್ಪಳದಷ್ಟು ಒಣಗಿ, ಒಂದು ಮೂಲೆಯೂ ಮುರಿಯದೆ ಇತ್ತು. ಅದರ ಮೇಲೆ ಅವರದೇ ಕೆಂಪು ಶಾಯಿಯಲ್ಲಿ, ಅವರದೇ ದುಂಡು ಅಕ್ಷರದಲ್ಲಿ, 'ಆವಕ: ೩-೬-೧೯೬೫' ಎಂದೂ ಅದರ ಕೆಳಗೆ 'ಜಾವಕ: ೨೦-೬-೧೯೬೫' ಎಂದೂ ಬರೆದಿತ್ತು. ಹದಿನೇಳು ದಿನ ನನ್ನ ನೌಕರಿ ಅವರ ಮೇಜಿನ ಖಾನೆಯಲ್ಲಿತ್ತು ಮಾನ್ಯರೇ, ಅದಕ್ಕೆ ನಾನು ಉಳವಪ್ಪನನ್ನು ಹದಿನೇಳು ವರ್ಷ ಬೈದೆ.

ನನಗೆ ಸಿಟ್ಟು ಬಂದಿದೆ. ಸಿಟ್ಟಿಗಿಂತ ಹೆಚ್ಚಾಗಿ ದುಃಖವಾಗಿದೆ, ಅದನ್ನು ತಮ್ಮಂಥ ಅಪರಿಚಿತರಿಗೆ ಬರೆಯುವುದು ಸುಲಭವಾದ್ದರಿಂದ ಬರೆಯುತ್ತಿದ್ದೇನೆ. ಲಕೋಟೆಯನ್ನು ಮೊದಲಿದ್ದಲ್ಲೇ ಇಟ್ಟು ಗಂಟು ಕಟ್ಟಿದ್ದೇನೆ, ಅವರಿಗೆ ಏನೂ ಹೇಳಿಲ್ಲ. ಏನಾಯಿತೆಂದು ಈಗ ನನಗೆ ಗೊತ್ತು. ಆದರೂ ಆ "ನಾನ" ಎಂಬುದರ ಮುಂದಿನ ಮಾತು ನನಗೆ ಬೇಕೇ ಬೇಕು. ನಾನು ಹೆದರಿದೆ ಎಂದಾದರೂ ಅನ್ನಲಿ, ನನ್ನ ರೊಟ್ಟಿ ಯಾರು ಬಡಿಯುತ್ತಾರೆ ಎಂದುಕೊಂಡೆ ಅನ್ನಲಿ, ತಪ್ಪು ಮಾಡಿದೆ ಅಂದರಂತೂ ಇನ್ನೂ ಒಳ್ಳೆಯದು. ಯಾವ ಹಣ್ಣಿನ ರಸವನ್ನೂ ಕುಡಿಯದೆ, ನನ್ನ ಮುಖ ನೋಡಿ ಹೇಳಬೇಕು.

ತಮ್ಮ ಕಂಪನಿ ಹೀಗೆಯೇ ಬೆಳೆದು, ಮನೆಮನೆಯ ಟ್ರಂಕುಗಳನ್ನು ತೆರೆಸಲಿ ಎಂದು ಹಾರೈಸುವ,

ಇನ್ನು ಮೇಲೆ ನೋಡಿ ನಂಬುವ, ಆದರೂ ತಮ್ಮ ವಿಶ್ವಾಸಿ,
ಕಾಂತಾ ಮುಗಳಿಹಾಳ

ತಾ.ಕ.: ಉಳವಪ್ಪ ನಿವೃತ್ತನಾಗಿ ಪೀರನವಾಡಿಯಲ್ಲಿದ್ದಾನೆಂದು ತಿಳಿಯಿತು. ನಾಳೆ ಒಂದು ಡಬ್ಬಿ ಕುಂದಾ ಮಿಠಾಯಿ ತೆಗೆದುಕೊಂಡು ಹೋಗುತ್ತಿದ್ದೇನೆ, ಈ ಸಲ ಅವನ ಚೀಲ ನೋಡಿಯೇ ಬರುತ್ತೇನೆ. ಈ ಪತ್ರದ ಒಂದು ಪ್ರತಿಯನ್ನು ನಮ್ಮ ಮನೆಗೆ ಬರುವ ಪತ್ರಿಕೆಯ ವಾಚಕರ ಪತ್ರಗಳ ಅಂಕಣಕ್ಕೂ ಕಳಿಸುತ್ತಿದ್ದೇನೆ, ಏಕೆಂದರೆ ನಮ್ಮವರು ಬೆಳಗಿನ ಚಹಾದ ಜೊತೆ ಮೊದಲು ಓದುವುದು ಅದನ್ನೇ. ನಮ್ಮ ಮನೆಯ ಪತ್ರಗಳನ್ನೆಲ್ಲ ಇಷ್ಟು ವರ್ಷ ಡಬ್ಬಿಗೆ ಹಾಕುತ್ತ ಬಂದವರು ಅವರೇ. ಇವೆರಡನ್ನೂ ನಾನೇ ನಡೆದು ಹೋಗಿ ಹಾಕುತ್ತೇನೆ, ತಡವಾಗುವುದಿಲ್ಲ.