ನನ್ನ ಹೊಟ್ಟೆಗೊಂದು ಸಾಕ್ಷಿ

ಕಾಯಿಲೆ ಇರುವುದು ಕಷ್ಟವೇ. ಆದರೆ ಕಾಯಿಲೆ ಇದ್ದೂ ರಿಪೋರ್ಟಿನಲ್ಲಿ ಕಾಣದಿರುವುದಿದೆಯಲ್ಲ, ಅದು ಮನುಷ್ಯನ ಮರ್ಯಾದೆಯನ್ನೇ ಕಳೆಯುತ್ತದೆ. ತೊಂಬತ್ತರ ದಶಕದುದ್ದಕ್ಕೂ ನನ್ನ ಹೊಟ್ಟೆ ಉಬ್ಬಿತು, ಹಿಂಡಿತು, ಲಕಮನಹಳ್ಳಿಯ ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್ ಆಗಿದ್ದ ನನ್ನನ್ನು ನಡುನಡುವೆ ಪಾಯಖಾನೆಗೆ ಓಡಿಸಿತು. ರಕ್ತ ತೆಗೆದು ನೋಡಿದರು, ಗಂಟಲೊಳಗೆ ಕೊಳವೆ ಇಳಿಸಿ ನೋಡಿದರು. ಎಲ್ಲ ನಾರ್ಮಲ್. ಪ್ರತಿ ರಿಪೋರ್ಟನ್ನೂ ನನಗಿಂತ ಮೊದಲು ಓದುತ್ತಿದ್ದ ಹೆಂಡತಿ ಶಾಂತಾ, "ನಿಮ್ಮ ಬ್ಯಾನಿ ಹೊಟ್ಟ್ಯಾಗಿಲ್ರೀ, ತಲ್ಯಾಗೈತಿ" ಎಂದು ಅದನ್ನು ಮಡಚಿಡುತ್ತಿದ್ದಳು. ಇವಳು ಒಂದೇ ಒಂದು ಸಲ ನಂಬಲಿ ಎಂಬುದಷ್ಟೇ ನನ್ನ ಆಸೆಯಾಗಿತ್ತು.

ಡಾಕ್ಟರುಗಳದು ಇನ್ನೊಂದು ಕಾಟ. ಯಾವಾಗ ಶುರುವಾಯಿತು ಎಂದು ಎಲ್ಲರೂ ಕೇಳುವವರೇ. ನಾನು ಅಮ್ಮಿನಬಾವಿಯ ಒಂದು ಮದುವೆಯಲ್ಲಿ ಉಂಡ ಬದನೆಕಾಯಿ ಪಲ್ಯದ ಕಥೆ ಹೇಳುತ್ತಿದ್ದೆ. ಹೇಳಿ ಹೇಳಿ ಅದಕ್ಕೆ ಬಡಿಸಿದವನ ಮೀಸೆಯೂ ಬಂದು ಸೇರಿತ್ತು. ಒಮ್ಮೆ ಡಾಕ್ಟರೆದುರೇ ಶಾಂತಾ, "ಆ ಮದುವಿಗೆ ನೀವು ಬಂದ ಇಲ್ಲಲ್ರೀ! ಹೊಟ್ಟಿ ನೋವಂತ ಮನ್ಯಾಗ ಮಲಗಿದ್ರಿ" ಎಂದುಬಿಟ್ಟಳು. ಹಾಗಾದರೆ ಆ ಮೀಸೆ ಯಾರದು? ಇಂದಿಗೂ ಗೊತ್ತಿಲ್ಲ.

ಹೊಟ್ಟೆಯ ಭಯಕ್ಕೆ ಜೋಳದ ರೊಟ್ಟಿ ಬಿಟ್ಟೆ, ಕಾಳು ಬಿಟ್ಟೆ, ಸೊಪ್ಪು ಬಿಟ್ಟೆ, ಸಂಜೆ ಅಡ್ಡಾಡುವುದನ್ನೂ ಬಿಟ್ಟೆ. ಬ್ರೆಡ್ಡು, ಬಿಸ್ಕಿಟ್ಟು, ಪೇಢೆಗಳ ಮೇಲೆ ಬದುಕಿದೆ. ಪೇಢೆ ನನಗೆಂದೂ ತೊಂದರೆ ಕೊಟ್ಟದ್ದು ನೆನಪಿಲ್ಲ. ನನ್ನ ನೆನಪಿನ ಯೋಗ್ಯತೆಯನ್ನು ಮೇಲೆ ಹೇಳಿದ್ದೇನೆ.

ಕೊನೆಗೆ ಹುಬ್ಬಳ್ಳಿಯ ಡಾಕ್ಟರೊಬ್ಬರು ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದರು. "ನಿಮ್ಮ ಲಿವರಿನ್ಯಾಗ ಕೊಬ್ಬು ಕೂತೈತ್ರಿ" ಎಂದರು. ನನಗಾದ ಸಂತೋಷವನ್ನು ಏನೆಂದು ಹೇಳಲಿ! ಶಾಂತಾಳ ಕಡೆ ತಿರುಗಿ, "ಕೇಳಿದೇನು?" ಎಂದೆ.

"ಕುಡೀತೀರೇನ್ರಿ?" ಎಂದರು ಡಾಕ್ಟರು.

ಶಾಂತಾ ಸಿಡಿದಳು. "ಇವರು ಸೋಡಾ ಕುಡದ್ರೂ ಓಣಿಗೆಲ್ಲಾ ಹೇಳ್ಕೊಂಡ ಬರ್ತಾರ್ರೀ. ಬ್ಯಾರೇದ್ದು ಕುಡದ್ರ ಮುಚ್ಚಿಡ್ತಿದ್ರೇನು?"

"ಹಂಗಾರ ಹೊಟ್ಟಿ ನೋವು ಈ ಲಿವರಿಂದನ ಹೌದಲ್ರೀ?" ನಾನು ಆಸೆಯಿಂದ ಕೇಳಿದೆ.

"ಹಂಗ ಹೇಳಾಕ ಬರೂದಿಲ್ರಿ. ಕರಳು, ಲಿವರ್ ಒಂದ ಮನಿ ಮಂದಿ. ಇಬ್ಬರೂ ಕೂಡೇ ಕೆಡೂದು ನೋಡೇವಿ, ಯಾರು ಯಾರನ್ನ ಕೆಡಿಸಿದ್ರು ಅನ್ನೂದು ಗೊತ್ತಾಗೂದಿಲ್ಲ. ಅದಿರ್ಲಿ, ಏನ್ ತಿಂತೀರಿ?"

ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ನಾನು ಔಷಧಿಯಂತೆ ತಿಂದದ್ದೇ ಲಿವರಿನಲ್ಲಿ ಕೊಬ್ಬಾಗಿ ಹೋಗಿ ಕೂತಿತ್ತು. "ಬ್ರೆಡ್ಡು, ಪೇಢಾ ಬಂದ್. ರೊಟ್ಟಿ, ಕಾಳು, ಸೊಪ್ಪು ಸ್ವಲ್ಪ ಸ್ವಲ್ಪ ಸುರು ಮಾಡ್ರಿ. ದಿನಾ ನಡೀರಿ."

ಶಾಂತಾ ನನ್ನ ಮುಖ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

ಮರುದಿನ ಮಧ್ಯಾಹ್ನ ಎಷ್ಟೋ ವರ್ಷಗಳ ಮೇಲೆ ನನ್ನ ತಾಟಿಗೆ ಬಿಸಿ ಜೋಳದ ರೊಟ್ಟಿ ಬಿತ್ತು, ಪಕ್ಕದಲ್ಲಿ ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ. ಸ್ವಲ್ಪ ಸ್ವಲ್ಪ ಎಂಬ ಮಾತು ಮೊದಲ ರೊಟ್ಟಿಗೇ ಮರೆತುಹೋಯಿತು. ಎರಡನೆಯದು ಮುಗಿಯುವಷ್ಟರಲ್ಲಿ ಹೊಟ್ಟೆ, ಚಳಿಯಲ್ಲಿ ಸ್ಟಾರ್ಟ್ ಆಗದ ಟೆಂಪೋದಂತೆ ಗುಡುಗುಡು ಎಂದಿತು. ಮೂರನೆಯದನ್ನು ಹಿಡಿದಿದ್ದ ಶಾಂತಾಳ ಕೈ ಗಾಳಿಯಲ್ಲೇ ನಿಂತಿತು.

"ಅಯ್ಯ! ಇಷ್ಟ್ ಸಪ್ಪಳಾ? ಖರೇನ ತ್ರಾಸ್ ಆಕ್ಕಿತ್ತೇನ್ರೀ ನಿಮಗ, ಇಷ್ಟ್ ವರ್ಷ? ತಡೀರಿ, ಇದ್ ಬ್ಯಾಡ ಹಂಗಾರ."

ಹತ್ತು ವರ್ಷ ಕಾದಿದ್ದ ಮಾತು ಅದು. ಅವಳ ಕಣ್ಣಲ್ಲಿ ನಂಬಿಕೆಯಿತ್ತು. ಅವಳ ಕೈಯಲ್ಲಿ ರೊಟ್ಟಿಯಿತ್ತು. ಅದು ಹಿಂದೆ ಸರಿಯುತ್ತಿತ್ತು.

"ಏನಿಲ್ಲ ಬಿಡ, ಎಲ್ಲಾ ನಾರ್ಮಲ್ ಐತಿ" ಎಂದೆ. "ನೀ ಹಾಕು."