ಎಡ ಹೊಳ್ಳೆಯ ಸಂಗತಿ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಒಣ ಬಟಾಣಿ.

ಒಂದನೇ ಕ್ಲಾಸಿನ ಮೇಷ್ಟ್ರಿಗೆ ಕೂಗಿ ಕೂಗಿ ಗಂಟಲೊಳಗೆ ಗಂಟೆದ್ದಿತ್ತು. ಅಂದು ಮಧ್ಯಾಹ್ನವೇ ಆಪರೇಷನ್. ಗಂಟಲಲ್ಲಿ ಕೆಲಸ ನಡೆಯುವಾಗ ಅಲ್ಲಿ ನಳಿಕೆ ಇಟ್ಟರೆ ಅಡ್ಡ, ಆಕ್ಸಿಜನ್ನು ಮೂಗಿನಿಂದಲೇ ಜೋರಾಗಿ ಬಿಡುತ್ತೇವೆ ಎಂದು ಅನಸ್ತೇಷಿಯಾ ಕೊಡುವ ಡಾಕ್ಟರಮ್ಮ ಮೊದಲೇ ಹೇಳಿದ್ದರು.

"ಒಂದು ಹೊಳ್ಳೆ ಕಟ್ಕೊಂಡ್ರೆ ಏನ್ ಗತಿ ಭಾವ?" ಎಂದು ಬೆಳಿಗ್ಗೆ ತಲೆಗೆ ಹುಳ ಬಿಟ್ಟವನು ಭಾವಮೈದ. "ಯಾವುದಕ್ಕೂ ಒಂದೇ ಹೊಳ್ಳೆಲಿ ಉಸಿರಾಡಿ ರೂಢಿ ಮಾಡ್ಕೊಳ್ಳಿ."

ಬೆರಳಿಂದ ಮೂಗು ಮುಚ್ಚಿಕೊಂಡಿದ್ದರೆ ಮುಗಿಯುತ್ತಿತ್ತು. ಆದರೆ ಮೇಷ್ಟ್ರಿಗೆ ಶರ್ಟಿನ ಗುಂಡಿ ಹಾಕಿಕೊಳ್ಳಲು ಎರಡೂ ಕೈ ಬೇಕಿತ್ತು. ಡಬ್ಬಿಯಿಂದ ಒಂದು ಬಟಾಣಿ ತೆಗೆದು ಎಡ ಹೊಳ್ಳೆಗೆ ಒತ್ತಿಕೊಂಡರು. ಬಲಗಡೆ ಉಸಿರು ಸರಾಗವಾಗಿ ಆಡಿತು. ಖುಷಿಗೆ ಒಮ್ಮೆ ಜೋರಾಗಿ ಎಳೆದರು. ಬಟಾಣಿ ಒಳಗೆ ಹೋಯಿತು.

ಹೇಳುವುದು ಯಾರಿಗೆ? ಮೂಗಿಗೆ ರಬ್ಬರ್ ಚೂರು ತುರುಕಿಕೊಂಡ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿ, 'ಮೂಗಿಗೆ ಏನನ್ನೂ ಹಾಕಿಕೊಳ್ಳುವುದಿಲ್ಲ' ಎಂದು ಸ್ಲೇಟಿನ ಎರಡೂ ಮಗ್ಗುಲು ಬರೆಸುತ್ತಿದ್ದ ಪುಣ್ಯಾತ್ಮ ಇವರೇ. ನಾಚಿಕೆಯಿಂದ ಹಿಡಿಯಷ್ಟಾಗಿ ಬಚ್ಚಲು ಸೇರಿ, ಮೆಣಸಿನ ಪುಡಿ ಮೂಸಿ ಸೀನಲು ಹೊರಟರು. ಸೀನುವ ಮುಂಚೆ ಎಳೆದ ಉಸಿರಿಗೆ ಬಟಾಣಿ ಇನ್ನೂ ಮೇಲೇರಿ ಕೂತಿತು.

"ಅಯ್ಯೋ, ನೆಗಡಿನಾ? ಆಪರೇಷನ್ ಮುಂದಕ್ಕೆ ಹಾಕ್ತಾರಲ್ರೀ!" ಹೆಂಡತಿ ಬಾಗಿಲು ಬಡಿದಳು.

"ಧೂಳು ಕಣೇ, ಬರೀ ಧೂಳು."

ಆಪರೇಷನ್ ಟೇಬಲ್ಲಿನ ಮೇಲೆ ಡಾಕ್ಟರಮ್ಮ ಮೂಗಿಗೆ ನಳಿಕೆ ಇಟ್ಟು ಕೇಳಿದರು. "ಎರಡೂ ಕಡೆ ಗಾಳಿ ಬರ್ತಿದ್ಯಾ ಸಾರ್?"

"ಬಲಗಡೆ ಬಹಳ ಚೆನ್ನಾಗಿದೆ."

"ಎಡಗಡೆ?"

ಮೇಷ್ಟ್ರು ಚಾವಣಿ ನೋಡಿದರು. ಇನ್ನು ಸ್ವಲ್ಪ ಹೊತ್ತಿಗೆ ಜೀವ ಈ ಮೂಗನ್ನೇ ನಂಬಿಕೊಂಡಿರುತ್ತದೆ. ಮಾನ ಹೋದರೂ ಪ್ರಾಣ ಇರಲಿ ಎಂದು ಕಣ್ಣು ಮುಚ್ಚಿ ಪಿಸುಗುಟ್ಟಿದರು.

"ಬಟಾಣಿ."

ಡಾಕ್ಟರಮ್ಮ ತುಟಿ ಕಚ್ಚಿಕೊಂಡರು. "ಸದ್ಯ, ಹೇಳಿದ್ರಲ್ಲ. ಇದು ಬಿಸಿ, ತೇವದ ಗಾಳಿ ಸಾರ್. ಅಲ್ಲೇ ನೆನೆದು ಊದ್ಕೊಂಡಿರೋದು." ಚಿಮುಟದಲ್ಲಿ ಹೊರಗೆ ತೆಗೆದ ಬಟಾಣಿ ಆಗಲೇ ಅರ್ಧ ನೆಂದಿತ್ತು.

"ಯಾರಿಗೂ ಹೇಳಬೇಡಿ ತಾಯಿ."

"ಖಂಡಿತ ಹೇಳಲ್ಲ." ಅವರು ಹೇಳಲೂ ಇಲ್ಲ. ನರ್ಸು ಮಾತ್ರ ಅದನ್ನು ಪುಟ್ಟ ಬಾಟಲಿಗೆ ಹಾಕಿ, 'ನಿಮ್ಮವರದ್ದು' ಎಂದು ಹೆಂಡತಿಯ ಕೈಗೆ ಕೊಟ್ಟಳು.

ಮೇಷ್ಟ್ರಿಗೆ ಎಚ್ಚರವಾದಾಗ ಮಂಚದ ಸುತ್ತ ಮನೆಯವರು, ಹೆಡ್‌ಮಾಸ್ಟರು. ಮೂರು ದಿನ ಮಾತು ಬಂದ್. ಏನಿದ್ದರೂ ಎದೆಯ ಮೇಲಿಟ್ಟ ಸ್ಲೇಟಿನಲ್ಲೇ ಬರೆಯಬೇಕು.

"ಎಷ್ಟ್ ದಪ್ಪ ಗಂಟು ರೀ! ಬಾಟ್ಲಿಲಿ ನೋಡಿ ಎದೆ ಝಲ್ ಅಂತು," ಎಂದು ಹೆಂಡತಿ ಕಣ್ಣೊರೆಸಿಕೊಂಡಳು.

"ಮಕ್ಕಳಿಗೋಸ್ಕರ ಗಂಟಲು ತೇದ ಜೀವ," ಎಂದರು ಹೆಡ್‌ಮಾಸ್ಟರು.

ಮೇಷ್ಟ್ರಿಗೆ ಹೋದ ಮಾನ ಬಂದಂತಾಯಿತು. ಗಂಭೀರವಾಗಿ ತಲೆದೂಗಿ, 'ಬಾಟಲಿ ಎಲ್ಲಿ?' ಎಂದು ಬರೆದರು.

"ಸುಮ್ನೆ ಬಿಡ್ತೀನಾ ಭಾವ? ಕೆಟ್ಟ ಗಂಟೋ ಏನೋ ಅಂತ ಲ್ಯಾಬಿಗೆ ಕೊಟ್ಟು ಬಂದೆ," ಎಂದು ಭಾವಮೈದ ಎದೆಯುಬ್ಬಿಸಿದ.

ಅಷ್ಟರಲ್ಲಿ ಲ್ಯಾಬಿನವನು ಬಾಗಿಲಲ್ಲಿ ನಿಂತು ಬಾಟಲಿ ಎತ್ತಿ ಹಿಡಿದ. "ಗಂಟು ಅಂತ ಇದನ್ನ ಕೊಟ್ಟೋರು ಯಾರ್ರೀ? ಬಟಾಣಿಗೆಲ್ಲ ನಾವು ಪರೀಕ್ಷೆ ಮಾಡಲ್ಲ. ಬೇಯಿಸ್ಕೊಂಡು ತಿನ್ನಿ."

ಬೆಳಗಿನ ಸೀನು, ಬಚ್ಚಲಲ್ಲಿ ಕಂಡಿದ್ದ ಮೆಣಸಿನ ಪುಡಿ ಎಲ್ಲ ನೆನಪಾಗಿ ಹೆಂಡತಿ ಗಂಡನ ಮೂಗನ್ನೇ ದಿಟ್ಟಿಸಿದಳು. ಮೇಷ್ಟ್ರು ಬೆವರಿದರು. ಬಾಯಿ ಬಿಡುವಂತಿಲ್ಲ, ಎದ್ದು ಓಡುವಂತಿಲ್ಲ. ಕೈ ತನಗೆ ಚೆನ್ನಾಗಿ ಗೊತ್ತಿದ್ದ ಸಾಲನ್ನು ತಾನೇ ಬರೆಯಿತು: 'ಮೂಗಿಗೆ ಏನನ್ನೂ ಹಾಕಿಕೊಳ್ಳುವುದಿಲ್ಲ.'

ಹೆಡ್‌ಮಾಸ್ಟರು ಕನ್ನಡಕ ಸರಿಮಾಡಿಕೊಂಡು ಓದಿದರು. ಆಮೇಲೆ ಸ್ಲೇಟನ್ನು ಮೆಲ್ಲಗೆ ತಿರುಗಿಸಿ ಮೇಷ್ಟ್ರ ಕೈಗಿಟ್ಟರು.

"ಈ ಮಗ್ಗುಲು ಖಾಲಿ ಇದೆಯಲ್ಲ ಮೇಷ್ಟ್ರೇ."