ಔಟರ್‌ನಾಗ ನಿಲ್ಲೋ ಹಡಗು

ಗುರುಬಸವನ ಆ ದಿನದ ಫಜೀತಿಗೆಲ್ಲ ಮೂಲ, ಹಿಂದೆಂದೋ ಹೆಣ್ಣು ನೋಡಲು ಹೋದಾಗ ಅವಲಕ್ಕಿ ತಿನ್ನುತ್ತ ಅವನು ಹೇಳಿದ ಒಂದು ಸುಳ್ಳು. ನಾಲ್ಕು ಮಂದಿ ಕೂತಲ್ಲಿ ಮಾತಿಗೆ ಮಾತು ಬಂದು, "ತುಂಬಿದ ಕೃಷ್ಣಾ ನದಿ ದಾಟೀನ್ರಿ, ಈಜಿ!" ಎಂದುಬಿಟ್ಟಿದ್ದ. ದಾಟಿದ್ದೇನೋ ನಿಜ. ರಾಯಚೂರಿನಿಂದ ಹೈದರಾಬಾದಿಗೆ ಬರುವ ಪ್ಯಾಸೆಂಜರ್ ಗಾಡಿಯಲ್ಲಿ ಕೂತು, ಸೇತುವೆ ಬಂದಾಗ ಕಿಟಕಿ ಮುಚ್ಚಿ, ಕಣ್ಣನ್ನೂ ಮುಚ್ಚಿ ದಾಟಿದ್ದ. ನೀರೆಂದರೆ ಪುಣ್ಯಾತ್ಮನಿಗೆ ಅಷ್ಟು ಹೆದರಿಕೆ. ಬಕೆಟ್ಟಿನೊಳಗಿನ ನೀರೊಂದನ್ನೇ ಅವನು ನಂಬುತ್ತಿದ್ದ.

ಆ ಹೆಣ್ಣು, ಅಂದರೆ ಮಂದಾಕಿನಿ, ಸುಳ್ಳನ್ನು ನಂಬಿ ಅವನನ್ನು ಮದುವೆಯಾದಳು. ಆಮೇಲೆ ಹೈದರಾಬಾದಿನ ಬಡಿಚೌಡಿಯ ಅವರ ವಠಾರದ ತುಂಬ, "ನಮ್ಮನಿಯವರು ನೀರಾಗ ಮೀನ ಇದ್ದಂಗ ನೋಡ್ರಿ" ಎಂದು ಡಂಗುರ ಸಾರಿದಳು. ಹುಸೇನ್ ಸಾಗರ ಕೆರೆಯ ಟ್ಯಾಂಕ್ ಬಂಡಿನ ಮೇಲೆ ಬಸ್ಸು ಹೋಗುವಾಗಲೆಲ್ಲ ಗಂಡ ಕಿಟಕಿಯ ಸೀಟನ್ನು ತನಗೇ ಬಿಟ್ಟುಕೊಟ್ಟು ಈಚೆ ಯಾಕೆ ಕೂಡುತ್ತಾನೆ ಎಂದು ಅವಳಿಗೆ ಒಮ್ಮೆಯೂ ಅನುಮಾನ ಬರಲಿಲ್ಲ.

ಗುರುಬಸವ ಸುಲ್ತಾನ್ ಬಜಾರಿನ ಸೀರೆ ಅಂಗಡಿಯೊಂದರಲ್ಲಿ ಸೇಲ್ಸ್‌ಮನ್. ಆ ದಿನ ಬೆಳಿಗ್ಗೆ ಗಾದಿಯ ಮೇಲೆ ಕೂತು ಇನ್ನೂ ಚಹಾ ಮುಗಿಸಿರಲಿಲ್ಲ, ಹುಡುಗಿಯೊಬ್ಬಳು ಹಸಿರು ಸೀರೆ ತಂದು ಮುಂದಿಟ್ಟಳು. ನಿನ್ನೆ ಒಯ್ದದ್ದು, ಅಮ್ಮನಿಗೆ ಹಸಿರು ಹಿಡಿಸಲಿಲ್ಲ, ನೀಲಿ ಕೊಡಿ ಎಂದು ಹಿಂದಿಯಲ್ಲಿ ಕೇಳಿದಳು. ಆಮೇಲೆ ತೆಲುಗಿನಲ್ಲೂ ಕೇಳಿ ನೋಡಿದಳು.

"ನೈ ಹೋತಾ ಅಮ್ಮಾ," ಎಂದ ಗುರುಬಸವ, ತಲೆಯ ಮೇಲಿನ ಬೋರ್ಡು ತೋರಿಸುತ್ತ. ಮಡಿಕೆ ಬಿಚ್ಚಿದ ಸೀರೆ ವಾಪಸ್ ಇಲ್ಲ ಎಂದು ಅದರಲ್ಲಿ ಬರೆದಿತ್ತು. ಹುಡುಗಿ ಅಂಗಲಾಚಿದಳು, ಆಫೀಸಿಗೆ ಹೊತ್ತಾಗುತ್ತಿದೆ ಎಂದಳು. ಇವನು ಕಲ್ಲಾಗಿ ಕೂತ. ಕೊನೆಗೆ ಅವಳು ಅವನ ಮುಖವನ್ನೊಮ್ಮೆ ಚೆನ್ನಾಗಿ ನೋಡಿಕೊಂಡು, ಸೀರೆ ಬಗಲಲ್ಲಿಟ್ಟುಕೊಂಡು ಹೋದಳು.

ಅವಳು ಮೆಟ್ಟಿಲು ಇಳಿಯುತ್ತಿದ್ದಂತೆ ಮಾಲಕರು ಮಿಠಾಯಿ ಡಬ್ಬಿ ಹಿಡಿದು ಬಂದರು. ಲಗ್ನದ ಸೀಜನ್ನಿನಲ್ಲಿ ಎಲ್ಲರಿಗಿಂತ ಹೆಚ್ಚು ಸೀರೆ ಮಾರಿದ್ದಕ್ಕೆ ಸೀರೆ ಕಂಪನಿಯವರು ಗುರುಬಸವನಿಗೆ ಬಹುಮಾನ ಕೊಟ್ಟಿದ್ದಾರಂತೆ. ಗಂಡ ಹೆಂಡತಿ ಇಬ್ಬರಿಗೂ ಹಡಗಿನಲ್ಲಿ ದ್ವೀಪಯಾತ್ರೆ! ಹಡಗು ಎರಡು ಇವೆ. ಯಾವುದು ಬೇಕೆಂದು ಸಂಜೆ ಆರರೊಳಗೆ ಅಬಿಡ್ಸ್‌ನ ಟ್ರಾವೆಲ್ ಆಫೀಸಿಗೆ ಖುದ್ದಾಗಿ ಹೋಗಿ ಹೇಳಬೇಕು. ಹೋಗದಿದ್ದರೆ ಬಹುಮಾನ ಎರಡನೇ ನಂಬರಿನವನ ಪಾಲು.

ಗುರುಬಸವನ ಎದೆ ಒಂದು ಕಡೆ ಉಬ್ಬಿತು, ಇನ್ನೊಂದು ಕಡೆ ಕುಸಿಯಿತು. ಬೇಡ ಎನ್ನೋಣವೆಂದರೆ ಮಾಲಕರು ಆಗಲೇ ಮಂದಾಕಿನಿಗೆ ಫೋನು ಮಾಡಿ ಹೇಳಿಯಾಗಿತ್ತು. ಫೋನಿನೊಳಗಿಂದ ಅವಳು ಕಿರುಚಿದ ಖುಷಿ ಇಡೀ ಅಂಗಡಿಗೆ ಕೇಳಿಸಿತ್ತು.

ಅರ್ಧ ದಿನದ ರಜೆ ಹಾಕಿ ಮನೆಯ ಕಡೆ ನಡೆಯುತ್ತ ಅವನು ಮೊಬೈಲಿನಲ್ಲಿ ಎರಡು ಹಡಗಿನ ವಿವರ ಓದಿದ. 'ನೀಲವೇಣಿ' ಸಣ್ಣ ಹಡಗು. ಹವಳದ ದ್ವೀಪಕ್ಕೆ ಹೋಗುತ್ತದೆ. ಅಲ್ಲಿ ಹಡಗು ನಿಲ್ಲಲು ಕಟ್ಟೆ ಇಲ್ಲ. ದೂರದಲ್ಲೇ ಲಂಗರು ಹಾಕಿ ಜನರನ್ನು ಸಣ್ಣ ದೋಣಿಯಲ್ಲಿ ದಂಡೆಗೆ ಒಯ್ಯುತ್ತಾರೆ. 'ಸಾಗರಗೌರಿ' ದೊಡ್ಡ ಹಡಗು. ಅದು ಹೋಗುವ ದ್ವೀಪದಲ್ಲಿ ಗಟ್ಟಿ ಕಟ್ಟೆ ಇದೆ. ಹಡಗಿನಿಂದ ಹೆಜ್ಜೆ ಇಟ್ಟರೆ ನೆಲ. ಅವನಿಗೆ ಹೋದ ಜೀವ ಬಂದಂತಾಯಿತು. ದೊಡ್ಡ ಹಡಗೆಂದರೆ ಒಂದು ನಮೂನೆ ಕಟ್ಟಡವೇ, ಕಿಟಕಿ ಮುಚ್ಚಿ ಕೂತರಾಯಿತು. ಸಣ್ಣ ದೋಣಿಯೊಂದು ಇರಬಾರದು, ಅಷ್ಟೇ. ಇನ್ನು ಹೆಂಡತಿಯನ್ನು ಒಪ್ಪಿಸುವುದು. ಊರಿನ ಹೆಂಗಸರನ್ನೆಲ್ಲ ಒಪ್ಪಿಸಿದವನಿಗೆ ಇದೇನು ದೊಡ್ಡದು ಎಂದುಕೊಂಡ.

ಸೀರೆ ಮಾರುವವರದೊಂದು ಗುಟ್ಟಿದೆ. ಮಾರಬೇಕಾದ ಸೀರೆಯನ್ನು ಕೊನೆಗೆ ಬಿಚ್ಚಬೇಕು. ಮೊದಲು ಬೇಡವಾದದ್ದನ್ನು ತೋರಿಸಿ ಗಿರಾಕಿಯ ಮುಖ ಸಪ್ಪಗಾದ ಮೇಲೆ, 'ನಿಮಗಂತ ಒಳಗ ಇಟ್ಟೀನಿ' ಎಂದು ಅಸಲಿ ಮಾಲು ತೆಗೆಯಬೇಕು. ಗುರುಬಸವ ಮನೆಗೆ ಬಂದವನೇ ನೀಲವೇಣಿಯನ್ನು ಮೊದಲು ಬಿಚ್ಚಿದ.

"ಇದೊಂದೈತಿ ನೋಡು. ಬರೇ ಉಸುಕು, ನೀರು. ಒಂದು ಚಾದಂಗಡಿನೂ ಇಲ್ಲ. ಸಣ್ಣ ದೋಣ್ಯಾಗ ಕುಂತು ಹೋಗಬೇಕಂತ."

"ಅಯ್ಯ! ಎಷ್ಟ್ ಛಂದ ಐತ್ರಿ! ಇದ ಸಾಕು!" ಎಂದು ಮಂದಾಕಿನಿ ಮೊಬೈಲು ಕಸಿದುಕೊಂಡಳು. "ಹಾಲಿನಂಥ ಉಸುಕು! ಸಣ್ಣ ದೋಣ್ಯಾಗ ನಾವಿಬ್ರ ಜೋಡಿಲೆ! ನಾ ಭಾಳ ದಿನದಿಂದ ಸಮುದ್ರ ನೋಡ್ಬೇಕಂತಿದ್ದೆ ನೋಡ್ರಿ!"

"ತಡಿ, ತಡಿ. ಇನ್ನೊಂದು ನೋಡು. ನಿನಗಂತ..."

"ಕೊನಿಗೆ ಬಿಚ್ಚೋದು ಮಾರಬೇಕಾದ ಸೀರಿ ಅಂತ ಲಗ್ನ ಆದ ವಾರಕ್ಕ ನೀವ ಹೇಳಿಕೊಟ್ಟೀರಿ," ಎಂದಳು ಮಂದಾಕಿನಿ. "ನನ್ನ ಮುಂದ ನಿಮ್ಮ ಅಂಗಡಿ ತೆಗೀಬ್ಯಾಡ್ರಿ."

ಅಷ್ಟರಲ್ಲಿ ಪಕ್ಕದ ಮನೆಯ ಬೂದೆಪ್ಪ ಮತ್ತು ಸೂಗಮ್ಮ ಕರೆಯದೆಯೇ ಒಳಗೆ ಬಂದು ಕೂತಿದ್ದರು. ಬೂದೆಪ್ಪ ರೈಲಿನಲ್ಲಿ ಗಾರ್ಡ್ ಆಗಿ ನಿವೃತ್ತನಾದವನು. ಹಸಿರು ಬಾವುಟ ಕೆಳಗಿಟ್ಟರೂ ಕೈ ಬೀಸುವುದು ಬಿಟ್ಟಿರಲಿಲ್ಲ. ಅವನ ಹೆಂಡತಿ ಸೂಗಮ್ಮ, ಗಂಡ ಎಡಕ್ಕೆ ಎಂದರೆ ಬಲಕ್ಕೆ ಎನ್ನುವವಳು. ಗುರುಬಸವ ಬೂದೆಪ್ಪನ ಕಡೆ ತಿರುಗಿ, "ಕಾಕಾ, ನೀವ ನ್ಯಾಯ ಹೇಳ್ರಿ," ಎಂದ.

ಬೂದೆಪ್ಪ ಕನ್ನಡಕ ಏರಿಸಿ ಎರಡೂ ಚಿತ್ರ ನೋಡಿದ. "ತಮ್ಮಾ, ಗಾಡಿ ಛಲೋ ಐತೋ ಇಲ್ಲೋ ಅದು ಆಮ್ಯಾಲಿನ ಮಾತು. ಎಲ್ಲಿ ನಿಲ್ತೈತಿ ಅನ್ನೋದು ಮುಖ್ಯ. ಈ ನೀಲವೇಣಿ ಔಟರ್‌ನಾಗ ನಿಲ್ಲೋ ಗಾಡಿ, ಸ್ಟೇಷನ್ನಿನ ಹೊರಗ ಸಿಗ್ನಲ್ ಕಾಯ್ಕೋತ. ಸಿಕಂದರಾಬಾದ್ ಔಟರ್‌ನಾಗ ಒಂದ್ ತಾಸು ನಿಂತು, ಹಳಿ ಮ್ಯಾಲೆ ಜಿಗಿದು ಹೋಗ್ತಾರಲ್ಲ, ಹಂಗ. ಸಾಗರಗೌರಿ ಸೀದಾ ಪ್ಲಾಟ್‌ಫಾರ್ಮಿಗೆ ಬರ್ತೈತಿ. ಸುಮ್ಮನ ಅದನ್ನ ಹತ್ರಿ."

ಗುರುಬಸವನಿಗೆ ಬೂದೆಪ್ಪನ ಕಾಲಿಗೆ ಬೀಳಬೇಕೆನಿಸಿತು.

"ಕಾಕಾ, ಮತ್ತ ಹತ್ತೋದು ಎಲ್ಲಿ ಅಂತ ಇದರಾಗ ಬರದಿಲ್ಲಲ್ರಿ?" ಎಂದಳು ಮಂದಾಕಿನಿ.

"ಹುಚ್ಚಿ! ಹೊರಡೋ ಸ್ಟೇಷನ್‌ನಾಗ ಪ್ಲಾಟ್‌ಫಾರ್ಮ್ ಇಲ್ಲದ ಗಾಡಿ ಯಾವುದರ ಐತೇನವ್ವಾ? ಅದನ್ಯಾರು ಕೇಳ್ತಾರ?"

"ಇವರ ಔಟರ್ ಪುರಾಣ ಕೇಳಬ್ಯಾಡವ್ವಾ," ಎಂದು ಸೂಗಮ್ಮ ನಡುವೆ ಬಾಯಿ ಹಾಕಿದಳು. "ಪ್ಲಾಟ್‌ಫಾರ್ಮ್ ಐತಿ ಅಂದ್ರ ಅಲ್ಲಿ ಸಂತಿ ಐತಿ. ಬಳಿ, ಪಿನ್ನು, ಟೊಪ್ಪಿಗಿ ಮಾರೋರು ಮುತ್ಕೋತಾರ. ಸುಲ್ತಾನ್ ಬಜಾರ್ ಬಿಟ್ಟು, ಸಮುದ್ರ ದಾಟಿ, ಇನ್ನೊಂದು ಸುಲ್ತಾನ್ ಬಜಾರಿಗೆ ಹೋಗ್ತೀಯೇನು? ಸಣ್ಣ ದೋಣ್ಯಾಗ ಹೋಗು. ನಿನಗೇನು ಹೆದರಿಕಿ? ಕೃಷ್ಣಾ ದಾಟಿದ ಗಂಡ ಜೋಡಿ ಅದಾನ!"

"ಹೌದಲ್ರಿ ಅತ್ತಿ!" ಎಂದಳು ಮಂದಾಕಿನಿ, ಗಂಡನನ್ನು ಅಭಿಮಾನದಿಂದ ನೋಡುತ್ತ. ಗುರುಬಸವ ನೆಲ ನೋಡಿದ.

ಬೂದೆಪ್ಪ ಪಟ್ಟು ಬಿಡಲಿಲ್ಲ, ಸೂಗಮ್ಮನೂ ಬಿಡಲಿಲ್ಲ. ಗಂಡಹೆಂಡತಿಯ ಜಗಳ ಹಡಗಿನಿಂದ ಶುರುವಾಗಿ, ಅವರ ಲಗ್ನದಲ್ಲಿ ಹೋಳಿಗೆ ಕಮ್ಮಿ ಬಿದ್ದಲ್ಲಿಗೆ ಹೋಗಿ, ಮತ್ತೆ ಹಡಗಿಗೆ ಬಂತು. ಕೊನೆಗೆ ಸೂಗಮ್ಮ ಎದ್ದು ಸೆರಗು ಸಿಕ್ಕಿಸಿದಳು.

"ಮಾತ್ಯಾಕ? ಸಣ್ಣ ದೋಣಿ ಹೆಂಗಿರ್ತೈತಿ, ಹುಸೇನ್ ಸಾಗರಕ್ಕ ಹೋಗಿ ಕುಂತು ನೋಡೂಣು. ಹಿಡಿಸಿದ್ರ ನೀಲವೇಣಿ, ಇಲ್ಲಾಂದ್ರ ಗೌರಿ. ಅಲ್ಲಿಂದ ಹಂಗ ಅಬಿಡ್ಸ್‌ಗೆ ಹೋದ್ರಾತು."

"ಬಿಸಲು ಭಾಳ ಐತಿ," ಎಂದ ಗುರುಬಸವ. ಕೊಡೆ ಬಂತು. "ಹೊಟ್ಟಿ ಯಾಕೋ..." ಎಂದ. ಓಮದ ಕಾಳು ಬಂತು. "ಟೈಮ್ ಆಗಂಗಿಲ್ಲ" ಎನ್ನುವಷ್ಟರಲ್ಲಿ ಬೂದೆಪ್ಪ ಬಾಗಿಲಲ್ಲಿ ಆಟೋ ನಿಲ್ಲಿಸಿ ಕೈ ಬೀಸುತ್ತಿದ್ದ.

ಹುಸೇನ್ ಸಾಗರದ ದೋಣಿಕಟ್ಟೆಯಲ್ಲಿ ಮಂದಾಕಿನಿ ಚಿಕ್ಕ ಹುಡುಗಿಯಂತೆ ಜಿಗಿದು ದೋಣಿಯಲ್ಲಿ ಕೂತಳು. ಸೂಗಮ್ಮ ಕೂತಳು. ಬೂದೆಪ್ಪ ಮೊಣಕಾಲು ಹಿಡಿದುಕೊಂಡು ಕೂತ. "ಬರ್ರಿ, ಬರ್ರಿ!" ಎಂದು ಮೂವರೂ ಕೈಚಾಚಿದರು. ಗುರುಬಸವ ಮನೆದೇವರನ್ನೆಲ್ಲ ನೆನೆದು ಒಂದು ಕಾಲಿಟ್ಟ. ದೋಣಿ ಒಂದಿಷ್ಟು ಅಲ್ಲಾಡಿತು. ಎರಡನೇ ಕಾಲಿಟ್ಟದ್ದು ಅವನಿಗೆ ನೆನಪಿಲ್ಲ. ದೋಣಿ ನಡೆಸುವವನ ಸೊಂಟವನ್ನು ಎರಡೂ ಕೈಯಿಂದ ತಬ್ಬಿ, ಕಣ್ಣು ಬಿಗಿ ಮುಚ್ಚಿಕೊಂಡು, "ಯಪ್ಪಾ! ಯವ್ವಾ! ದಂಡಿ ಬಂತೇನು? ದಂಡಿ ಬಂತೇನು?" ಎಂದು ಕೂಗತೊಡಗಿದ. ಕಟ್ಟೆಯ ಮೇಲೆ ಕ್ಯೂ ನಿಂತವರೆಲ್ಲ ಮೊಬೈಲು ಎತ್ತಿದರು.

ದೋಣಿಯವನು ಸೊಂಟ ಬಿಡಿಸಿಕೊಳ್ಳಲು ನೋಡುತ್ತ, "ಅಂಕಲ್, ಅಬ್ಬೀ ರಸ್ಸೀಚ್ ನೈ ಖೋಲಾ ಮೈ!" ಎಂದ.

ಹಗ್ಗವನ್ನೇ ಇನ್ನೂ ಬಿಚ್ಚಿರಲಿಲ್ಲ. ಗುರುಬಸವ ಕಣ್ಣು ಬಿಟ್ಟು ನೋಡಿದ. ಕಟ್ಟೆ ಅಲ್ಲೇ ಕೈಗೆ ಸಿಗುವಂತಿತ್ತು.

ಮಂದಾಕಿನಿ ನಕ್ಕಳು ನೋಡಿ, ನಗು ತಡೆಯದೆ ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಆಮೇಲೆ ಗಂಡನನ್ನು ಮೇಲೆ ಹತ್ತಿಸಿ, ಬೆಂಚಿನ ಮೇಲೆ ಕೂಡಿಸಿ, ಸೆರಗಿನಿಂದ ಅವನ ಹಣೆಯ ಬೆವರು ಒರೆಸಿದಳು. ಗುರುಬಸವ ಕೃಷ್ಣಾ ನದಿ, ಪ್ಯಾಸೆಂಜರ್ ಗಾಡಿ, ಮುಚ್ಚಿದ ಕಿಟಕಿ ಎಲ್ಲವನ್ನೂ ಹೇಳಿಬಿಟ್ಟ. ಹೇಳಿ ಹಗುರಾದ.

"ಅಂದ್ರ ಬಸ್ಸಿನಾಗ ನನಗ ಕಿಟಕಿ ಸೀಟು ಬಿಡ್ತಿದ್ದದ್ದು ಇದಕ್ಕೇನು?" ಎಂದಳು ಮಂದಾಕಿನಿ. "ನಾ ಪ್ರೀತಿಲೆ ಅಂತ ತಿಳ್ಕೊಂಡಿದ್ದೆ!"

"ಪ್ರೀತಿನೂ ಇತ್ತು," ಎಂದ ಗುರುಬಸವ ಸಣ್ಣ ದನಿಯಲ್ಲಿ.

"ಇರ್ಲಿ ಏಳ್ರಿ. ಗೌರ್ಯಾಗ ಹೋಗೂಣು. ನಿಮ್ಮನ್ನ ಹಡಗಿನಾಗ ಕುಂಡ್ರಿಸಿ ನಾ ಒಬ್ಬಾಕಿ ಉಸುಕು ನೋಡಿ ಏನ್ ಮಾಡ್ಲಿ? ಪ್ಲಾಟ್‌ಫಾರ್ಮಿನ ಮ್ಯಾಲೆ ಇಬ್ರೂ ಕೈ ಹಿಡ್ಕೊಂಡು ಇಳಿಯೂಣು."

ಗುರುಬಸವ ಎದ್ದು ಅವಳ ಕೈ ಹಿಡಿದ. ಇಂಥ ಹೆಂಡತಿಗೆ ಇಷ್ಟು ವರ್ಷ ಸುಳ್ಳು ಹೇಳಿದೆನಲ್ಲ ಎಂದು ತನಗೆ ತಾನೇ ಬೈದುಕೊಂಡ. ಅಷ್ಟರಲ್ಲಿ ಬೂದೆಪ್ಪ, "ಐದೂವರಿ ಆತು! ಗಾಡಿ ತಪ್ತೈತಿ!" ಎಂದು ಅರಚಿದ.

ಆಟೋ ಅಸೆಂಬ್ಲಿಯ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿತ್ತು. ಇಳಿದರು, ಓಡಿದರು, ಮತ್ತೊಂದು ಆಟೋ ಹತ್ತಿದರು. ಅಬಿಡ್ಸ್ ಸರ್ಕಲ್ಲಿನಲ್ಲಿ ಮತ್ತೆ ಇಳಿದು ಓಡಿದರು. ಬೂದೆಪ್ಪ ಮುಂದೆ ಮುಂದೆ ಕೈಬೀಸಿ ದಾರಿ ಮಾಡಿದ. ಸೂಗಮ್ಮ ಚಪ್ಪಲಿ ಕೈಯಲ್ಲಿ ಹಿಡಿದಿದ್ದಳು. ಟ್ರಾವೆಲ್ ಆಫೀಸಿನ ಬಾಗಿಲು ಎಳೆಯಲು ಶುರುಮಾಡಿದ್ದ ಕಾವಲುಗಾರ ಈ ಮೆರವಣಿಗೆ ನೋಡಿ ಪಕ್ಕಕ್ಕೆ ಸರಿದ.

ಕೌಂಟರಿನ ಮುಂದೆ ನಿಂತು ಗುರುಬಸವ ಏದುಸಿರು ಬಿಡುತ್ತ, "ಸಾಗರಗೌರಿ! ಸಾಗರಗೌರಿ!" ಎಂದ. ಕಂಪ್ಯೂಟರಿನ ಹಿಂದಿದ್ದ ಹುಡುಗಿ ತಲೆಯೆತ್ತಿದಳು. ಅವಳ ಕುರ್ಚಿಯ ಬೆನ್ನಿಗೆ ಸುಲ್ತಾನ್ ಬಜಾರಿನ ಅವನದೇ ಸೀರೆ ಅಂಗಡಿಯ ಖಾಲಿ ಚೀಲವೊಂದು ನೇತಾಡುತ್ತಿತ್ತು. ಬೆಳಗಿನ ಹಸಿರು ಸೀರೆಯ ಹುಡುಗಿ! ಗುರುಬಸವ ಕರವಸ್ತ್ರ ತೆಗೆದು ಮುಖ ಒರೆಸುವ ನೆಪದಲ್ಲಿ ಮುಖ ಮುಚ್ಚಿಕೊಂಡ.

ಹುಡುಗಿ ಕಂಪ್ಯೂಟರಿನ ಕಡೆ ತಿರುಗಿದಳು. ಹೆಸರು ಕೇಳಿ, ಬೇಕಾದದ್ದು ಒತ್ತಿ, ಟಿಕೆಟ್ಟು ತೆಗೆದು ಕೈಗಿಟ್ಟಳು. ಮಂದಾಕಿನಿ ಅದನ್ನು ಕಣ್ಣಿಗೊತ್ತಿಕೊಂಡು, "ಬಂತು ನೋಡ್ರಿ ನಮ್ಮ ಗೌರಿ! ದೋಣಿ ಗೀಣಿ ಏನೂ ಇಲ್ಲ, ಸೀದಾ ನೆಲ!" ಎಂದಳು.

"ಓಹ್, ನೀವು ಕನ್ನಡದವರಾ?" ಎಂದಳು ಹುಡುಗಿ. "ನಾನು ಪೂರ್ವಿ, ಕುಂದಾಪುರದ ಕಡೆಯವಳು. ಆದರೆ ದೋಣಿ ಇಲ್ಲ ಅಂತ ಯಾರು ಹೇಳಿದ್ರು? ದ್ವೀಪದಲ್ಲಿ ಇಳಿಯೋಕೆ ದೋಣಿ ಬೇಡ, ನಿಜ. ಹತ್ತೋಕೆ ಬೇಕಲ್ಲ! ಹೊರಡೋ ಬಂದರಿನಲ್ಲಿ ಈ ಸಲ ಹೂಳು ತುಂಬಿದೆ. ಸಾಗರಗೌರಿ ಅಷ್ಟು ದೊಡ್ಡ ಹಡಗು, ಒಳಗೆ ಬರೋದಕ್ಕೇ ಆಗಲ್ಲ. ಸಮುದ್ರದ ಮಧ್ಯ ನಿಂತಿರುತ್ತೆ. ಸಣ್ಣ ದೋಣಿಯಲ್ಲಿ ಕರ್ಕೊಂಡು ಹೋಗಿ ಏಣಿ ಹತ್ತಿಸ್ತಾರೆ. ಬರುವಾಗಲೂ ಹಾಗೇ."

ಬೂದೆಪ್ಪನ ಕೈ ಗಾಳಿಯಲ್ಲೇ ನಿಂತಿತು. "ಹೊರಡೋ ಸ್ಟೇಷನ್‌ನಾಗ ಔಟರ್?" ಎಂದ. ಅವನ ಇಡೀ ಸರ್ವಿಸ್ಸಿನಲ್ಲಿ ಇಂಥದ್ದು ಕೇಳಿರಲಿಲ್ಲ.

"ಮತ್ತ ನೀಲವೇಣಿ?" ಎಂದು ಗುರುಬಸವ ಕರವಸ್ತ್ರದೊಳಗಿಂದ ಕೇಳಿದ.

"ಅದು ಸಣ್ಣ ಹಡಗಲ್ವಾ, ಬಂದರಿನ ಕಟ್ಟೆಗೇ ಬರುತ್ತೆ. ನಡ್ಕೊಂಡೇ ಹತ್ತಬಹುದು. ದ್ವೀಪದ ಹತ್ತಿರ ಮಾತ್ರ ದೋಣಿ. ಅದೂ ಇಷ್ಟ ಇದ್ದವರಿಗೆ. ಬೇಡ ಅನ್ನೋರು ಹಡಗಿನಲ್ಲೇ ಕಾಫಿ ಕುಡೀತಾ ಕೂತಿರ್ತಾರೆ."

ಗುರುಬಸವ ಕರವಸ್ತ್ರ ಕಿತ್ತೆಸೆದ. "ತಂಗೀ! ನಮ್ಮವ್ವಾ! ಈಗಿನ್ನ ಕೊಟ್ಟೀದಿ, ಶಾಯಿ ಸೈತ ಒಣಗಿಲ್ಲ. ಬದಲಾಯಿಸಿ ಕೊಡವ್ವಾ, ನಿನ್ನ ಕಾಲ್ ಬೀಳ್ತೀನಿ!"

ಪೂರ್ವಿ ಅವನನ್ನು, ಬೆಳಿಗ್ಗೆ ನೋಡಿದಂತೆಯೇ, ಒಮ್ಮೆ ಚೆನ್ನಾಗಿ ನೋಡಿದಳು. ಆಮೇಲೆ ತಲೆಯ ಮೇಲಿನ ಬೋರ್ಡು ತೋರಿಸಿದಳು. ಒಮ್ಮೆ ಆರಿಸಿದ ಪ್ರವಾಸ ಬದಲಾಗುವುದಿಲ್ಲ ಎಂದು ಅದರಲ್ಲಿತ್ತು.

"ನೈ ಹೋತಾ ಅಣ್ಣಾ," ಎಂದಳು. "ಮಡಿಕೆ ಬಿಚ್ಚಿ ಆಯ್ತಲ್ಲ."

"ನೀ ಕನ್ನಡದಾಕಿ ಅಂತ ಮುಂಜಾನೆ ಒಂದ್ ಮಾತ್ ಹೇಳಬಾರದೇನವ್ವಾ? ನೀಲಿ ಸೀರಿ ಈಗ ಓಡಿ ಹೋಗಿ ತರ್ತೀನಿ! ಹಸಿರು ಕೊಡು, ನೀಲಿ ತಗೋ!"

"ತಡವಾಯ್ತು ಅಣ್ಣಾ. ಮಧ್ಯಾಹ್ನವೇ ಅದನ್ನ ಫಾಲ್ ಹಾಕೋಕೆ ಕೊಟ್ಟುಬಿಟ್ಟೆ," ಎಂದು ಪೂರ್ವಿ ಕಂಪ್ಯೂಟರ್ ಆರಿಸಿ ಎದ್ದಳು. ಬಾಗಿಲ ಹತ್ತಿರ ತಿರುಗಿ, "ಏಣಿ ಹತ್ತುವಾಗ ಕೆಳಗೆ ನೋಡಬೇಡಿ," ಎಂದಳು.

ಮೆಟ್ಟಿಲ ಮೇಲೆ ತಲೆಯ ಮೇಲೆ ಕೈಹೊತ್ತು ಕೂತ ಗಂಡನ ಪಕ್ಕ ಮಂದಾಕಿನಿ ಬಂದು ಕೂತಳು. ಅವಳ ಮುಖದಲ್ಲಿ ಖುಷಿ ಒಂದು ಗುಲಗಂಜಿಯಷ್ಟೂ ಕಮ್ಮಿಯಾಗಿರಲಿಲ್ಲ.

"ಹೆದರಬ್ಯಾಡ್ರಿ. ಹೊರಡಾಕ ಇನ್ನೂ ಒಂದ್ ತಿಂಗಳೈತಿ. ನಾಳಿಯಿಂದ ದಿನಾ ಸಂಜಿಮುಂದ ಹುಸೇನ್ ಸಾಗರಕ್ಕ ಹೋಗಿ ರೂಢಿ ಮಾಡ್ಕೊಳ್ಳೂಣು. ಸೂಗಮ್ಮ ಅತ್ತಿ ಆ ದೋಣಿಯವನ ನಂಬರ್ ಸೈತ ಇಸ್ಕೊಂಡಾರ. ಈಗ ಫೋನ್ ಹಚ್ಚಾಕತ್ತಾರ ನೋಡ್ರಿ!"

ಗುರುಬಸವ ತಲೆಯೆತ್ತದೆಯೇ ಹೇಳಿದ, "ಮೊದಲನೇ ವಾರ ಹಗ್ಗ ಬಿಚ್ಚೋದು ಬ್ಯಾಡ ಅಂತ ಹೇಳು ಅವಂಗ."